ಸರಿದ ನವಿಲು

ಸುರಪುರ
೧೬ ಫೆಬ್ರುವರಿ ೨೦೨೫

ಮೌನೇಶ್ವರಿಗೆ,

ಈ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಆಗದಿದ್ದರೆ ನನ್ನ ಅನುಮಾನ ಸರಿ ಎಂದಾಯಿತು.

ನೀನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಒಂದೊಂದೇ ಭಾಗ ತರಿಸಿ ಜೋಡಿಸಿದ ಕಂಪ್ಯೂಟರ್ ಕೆಟ್ಟಿದೆ. ಪೂರ್ತಿ ನಿಂತುಹೋಗಿದ್ದರೆ ಯಾರನ್ನಾದರೂ ಕರೆದು ರಿಪೇರಿ ಮಾಡಿಸುತ್ತಿದ್ದೆ. ಇದು ನಿಲ್ಲುವುದಿಲ್ಲ, ಸುಳ್ಳು ಹೇಳುತ್ತದೆ. ಪರದೆಯ ಮೇಲೆ ಡಿಸೈನ್ ಸರಿಯಾಗಿಯೇ ಕಾಣುತ್ತದೆ. ಅದನ್ನು ಉಳಿಸಿ, ಪೆನ್‌ಡ್ರೈವಿಗೆ ಹಾಕಿ ಎಂಬ್ರಾಯ್ಡರಿ ಮಷಿನ್ನಿಗೆ ಕೊಟ್ಟರೆ ಬೇರೇನೋ ಹೊಲಿಯುತ್ತದೆ. ಕೆಲವೊಮ್ಮೆ ಕೆಲಸದ ನಡುವೆಯೇ ಪರದೆ ನೀಲಿಯಾಗಿ ಕಂಪ್ಯೂಟರ್ ತಾನೇ ಬಂದ್ ಆಗಿ ಮತ್ತೆ ಶುರುವಾಗುತ್ತದೆ.

ಶಹಾಪುರದ ಪಾರ್ವತಿಬಾಯಿ ನಿನಗೆ ಗೊತ್ತು. ಅವರ ಮಗಳ ಮದುವೆಯ ಬ್ಲೌಸು. ಬೆನ್ನಿನ ಮೇಲೆ ನವಿಲು. ತಲೆಯಿಂದ ಕುತ್ತಿಗೆಯವರೆಗೆ ಚೆಂದ ಬಂತು. ಅಲ್ಲಿಂದ ಮುಂದೆ ಮೈ, ಗರಿ ಎಲ್ಲ ಒಂದು ಬೆರಳಷ್ಟು ಪಕ್ಕಕ್ಕೆ ಸರಿದು ಕೂತವು. ಒಳ್ಳೆಯ ರೇಷ್ಮೆ, ಬಿಚ್ಚಿದರೆ ತೂತು ಉಳಿಯುತ್ತದೆ. ಪಾರ್ವತಿಬಾಯಿ ಅದನ್ನು ಬೆಳಕಿಗೆ ಹಿಡಿದು, "ಹಕ್ಕಿ ಕುತಿಗಿ ಕೊಯ್ದಂಗ ಕಾಣ್ತದಲ್ಲವ್ವ. ಮದುವಿ ಜಂಪರ ಮ್ಯಾಲ ಇಂಥಾದ್ದೇನು?" ಅಂದರು.

ನೀನಿದ್ದಾಗ ಹೀಗೆ ಒಮ್ಮೆಯೂ ಆಗಿರಲಿಲ್ಲ. ನೀನು ದಸರೆಗೆ ಯಾದಗಿರಿಗೆ ಹೋಗಿ ನಿನ್ನದೇ ಮಷಿನ್ ಹಾಕಿಕೊಂಡೆ. ನಮ್ಮ ಕೆಲವು ಗಿರಾಕಿಗಳು ನಿನ್ನ ಹಿಂದೆ ಹೋದರು. ಈಗ ಉಳಿದವರೂ ಹೋಗುವಂತಾಗಿದೆ. ನಾನು ಓದಿದ್ದು ಕಡಿಮೆ, ಆದರೆ ಇಷ್ಟನ್ನು ಕೂಡಿಸಿ ನೋಡಲು ಬರುತ್ತದೆ. ಹೋಗುವಾಗ ಅದರೊಳಗೆ ಏನಾದರೂ ಹಾಕಿ ಹೋಗಿದ್ದೀಯಾ? ಇಲ್ಲವೆ ನೀನೇ ಕರೆತಂದು ಕೆಲಸಕ್ಕೆ ಇಟ್ಟ ದುರ್ಗಾಳ ಕೈಯಿಂದ ಏನಾದರೂ ಮಾಡಿಸುತ್ತಿದ್ದೀಯಾ? ನೇರ ಕೇಳುತ್ತಿದ್ದೇನೆ.

ಫೋನ್ ಮಾಡಬೇಡ, ಎತ್ತುವುದಿಲ್ಲ. ನಿನ್ನ ದನಿ ಕೇಳಿದರೆ ನನ್ನ ಮನಸ್ಸು ಸಡಿಲಾಗುತ್ತದೆ. ಕಾಗದದಲ್ಲಿ ಬರೆದರೆ ನಾಳೆ ನೀನೂ ಇಲ್ಲವೆನ್ನಲಾರೆ, ನಾನೂ ಇಲ್ಲವೆನ್ನಲಾರೆ.

ರೇಣುಕಾದೇವಿ


ಯಾದಗಿರಿ
೨೪ ಫೆಬ್ರುವರಿ ೨೦೨೫

ರೇಣುಕಾ,

ನಿನ್ನ ಕಾಗದ ಓದಿದ ದಿನ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಬೇರೆ ರೀತಿ ಬರೆಯುತ್ತಿದ್ದೆ.

ನಾನು ಏನನ್ನೂ ಹಾಕಿಲ್ಲ. ದುರ್ಗಾಳ ಕೈಯಿಂದ ಏನನ್ನೂ ಮಾಡಿಸಿಲ್ಲ. ನಂಬುವುದು ಬಿಡುವುದು ನಿನ್ನದು. ಆ ಯಂತ್ರವನ್ನು ಜೋಡಿಸಿದವಳು ನಾನು, ಹಾಗಾಗಿ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ನೀನು ಹೇಳಿದ್ದನ್ನು ನೋಡಿದರೆ ನನಗೆ ರ‍್ಯಾಮ್ ಮೇಲೆ ಸಂಶಯ. ನೀನು ಕೈಹೊಲಿಗೆ ಹಾಕುವಾಗ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲೆ ಹರಡಿಕೊಳ್ಳುತ್ತೀಯಲ್ಲ, ಕಂಪ್ಯೂಟರಿಗೆ ರ‍್ಯಾಮ್ ಎಂದರೆ ಆ ತೊಡೆ. ಡಿಸ್ಕಿನಲ್ಲಿದ್ದ ಡಿಸೈನ್ ಅಲ್ಲಿಗೆ ಬರುತ್ತದೆ, ಅಲ್ಲಿ ತಿದ್ದಿಸಿಕೊಳ್ಳುತ್ತದೆ, ಮತ್ತೆ ಡಿಸ್ಕಿಗೆ ಹೋಗುತ್ತದೆ. ಅಲ್ಲಿರುವಾಗ ಒಂದೇ ಒಂದು ಅಂಕಿ ತಪ್ಪಿದರೂ ಸಾಕು. ನಮ್ಮ ಡಿಸೈನ್ ಫೈಲಿನಲ್ಲಿ ಪ್ರತಿ ಹೊಲಿಗೆಯೂ ಅದರ ಹಿಂದಿನ ಹೊಲಿಗೆಯಿಂದ ಎಷ್ಟು ದೂರ ಎಂದೇ ಬರೆದಿರುತ್ತದೆ. ಕುತ್ತಿಗೆಯ ಹತ್ತಿರ ಒಂದು ದೂರ ತಪ್ಪಿದರೆ ಅಲ್ಲಿಂದ ಮುಂದಿನ ನವಿಲೆಲ್ಲ ಸರಿಯುತ್ತದೆ.

ಕರೆಂಟಿನ ಏರಿಳಿತದಿಂದಲೂ ಹೀಗೆ ಆಗಬಹುದು. ಯುಪಿಎಸ್ ಸರಿಯಿದೆಯೋ ನೋಡಿಕೋ. ಆಮೇಲೆ ಒಂದು ಕೆಲಸ ಮಾಡು. ಒಂದೇ ಡಿಸೈನ್ ತೆರೆದು ಬೇರೆ ಬೇರೆ ಹೆಸರಿನಲ್ಲಿ ಕೆಲವು ಸಲ ಉಳಿಸು. ಎಲ್ಲವನ್ನೂ ಹಳೆಯ ಬಟ್ಟೆಯ ಮೇಲೆ ಹೊಲಿದು ನೋಡು. ಮನುಷ್ಯರು ಮೂಲ ಡಿಸೈನನ್ನೇ ಕೆಡಿಸಿದ್ದರೆ ಎಲ್ಲವೂ ಒಂದೇ ಥರ ಕೆಟ್ಟಿರುತ್ತವೆ. ಯಂತ್ರ ಕೆಡಿಸುತ್ತಿದ್ದರೆ ಒಂದು ಸರಿಯಿರುತ್ತದೆ, ಒಂದು ಕೆಟ್ಟಿರುತ್ತದೆ, ಕೆಟ್ಟವೂ ಒಂದರಂತೆ ಒಂದು ಇರುವುದಿಲ್ಲ.

ಅಲ್ಲಿಯವರೆಗೆ ಯಾರ ರೇಷ್ಮೆಯನ್ನೂ ಮಷಿನ್ನಿಗೆ ಕೊಡಬೇಡ.

ಮೌನೇಶ್ವರಿ


ಸುರಪುರ
೪ ಮಾರ್ಚ್ ೨೦೨೫

ಮೌನೇಶ್ವರಿಗೆ,

ಮೊದಲು ಒಂದು ಮಾತು. ನಿನ್ನ ಲಕೋಟೆಯನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಗುರುತಿತ್ತು. ಅಂಚೆಯವರು ಹಾಗೆ ಮಾಡುವುದಿಲ್ಲ. ನಡುವೆ ಯಾರು ಓದಿದರು?

ಯುಪಿಎಸ್ ಸರಿಯಿದೆ, ಬ್ಯಾಟರಿ ಹೊಸದು. ನೀನು ಹೇಳಿದಂತೆ ಮಾವಿನಕಾಯಿ ಬುಟ್ಟಾವನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಿ, ನಮ್ಮ ಮನೆಯವರ ಹಳೆಯ ಲುಂಗಿಯ ಮೇಲೆ ಹೊಲಿದೆ. ಬಹುಪಾಲು ಸರಿ ಬಂದವು. ಒಂದು ಅರ್ಧಕ್ಕೆ ಸರಿಯಿತು, ಇನ್ನೊಂದರಲ್ಲಿ ದಾರ ಬುಟ್ಟಾ ದಾಟಿ ಓಡಿಹೋಯಿತು. ನಿನ್ನ ಲೆಕ್ಕದಲ್ಲಿ ಇದು ಯಂತ್ರದ ತಪ್ಪು.

ಆದರೆ ನನಗೆ ಇನ್ನೊಂದು ಲೆಕ್ಕ ಕಾಣುತ್ತದೆ. ಸರಿ ಬಂದವನ್ನು ನಾನು ಒಬ್ಬಳೇ ಕೂತು ಉಳಿಸಿದ್ದೆ. ಕೆಟ್ಟವು ದುರ್ಗಾ ಕೋಣೆಗೆ ಬಂದ ಮೇಲಿನವು. ಅವಳು ಕೀಬೋರ್ಡ್ ಮುಟ್ಟಲಿಲ್ಲ, ನಾನು ನೋಡುತ್ತಲೇ ಇದ್ದೆ. ಆದರೂ ಮಧ್ಯಾಹ್ನ ನಾನು ಊಟಕ್ಕೆ ಒಳಗೆ ಹೋದಾಗ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಈಚೆಗೆ ಫೋನ್ ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಾಳೆ. ಮೊದಲು ಇಲ್ಲಿಯೇ ಕೂತು ಮಾತಾಡುತ್ತಿದ್ದಳು.

ಇನ್ನು ಮುಂದಿನ ಪರೀಕ್ಷೆ ಇದ್ದರೆ ಹೇಳು. ನೀನು ಪೆನ್‌ಡ್ರೈವ್ ಕಳಿಸಿದರೆ ಮಾತ್ರ ಹಾಕುವುದಿಲ್ಲ. ಅದರಲ್ಲಿ ಏನಿರುತ್ತದೋ ನನಗೆ ಹೇಗೆ ಗೊತ್ತಾಗಬೇಕು?

ರೇಣುಕಾದೇವಿ


ಯಾದಗಿರಿ
೧೧ ಮಾರ್ಚ್ ೨೦೨೫

ರೇಣುಕಾ,

ಲಕೋಟೆ ಬಿಚ್ಚಿ ಅಂಟಿಸಿದವಳು ನಾನೇ. ಒಂದು ವಾಕ್ಯ ಬರೆದಿದ್ದೆ, ಅದನ್ನು ಹೊಡೆದುಹಾಕಿದರೆ ಕಾಣುತ್ತದೆಂದು ಆ ಹಾಳೆಯನ್ನೇ ಬೇರೆ ಬರೆದು ಇಟ್ಟೆ. ಅದು ಯಾವ ವಾಕ್ಯ ಎಂದು ಕೇಳಬೇಡ.

ದುರ್ಗಾ ಅಂಗಳಕ್ಕೆ ಹೋಗಿ ಮಾತಾಡುವುದು ವಯಸ್ಸಿಗೆ ಬಂದದ್ದಕ್ಕೆ. ನಾವಿಬ್ಬರೂ ಆ ವಯಸ್ಸಿನಲ್ಲಿ ಗುಟ್ಟು ಮಾತಿಗೆ ಮಾಳಿಗೆ ಹತ್ತುತ್ತಿದ್ದೆವು.

ಕಂಪ್ಯೂಟರ್ ಶುರುವಾಗುವಾಗಲೇ ಓಡಿಸುವ ರ‍್ಯಾಮ್ ಪರೀಕ್ಷೆಯ ಒಂದು ಪ್ರೋಗ್ರಾಮ್ ಇದೆ. ಅದು ರ‍್ಯಾಮಿನ ಮೂಲೆ ಮೂಲೆಯಲ್ಲೂ ಏನಾದರೂ ಬರೆದು, ಮತ್ತೆ ಓದಿ, ಬರೆದದ್ದೇ ಇದೆಯೋ ಎಂದು ನೋಡುತ್ತದೆ. ಬೇರೆ ಇದ್ದರೆ ಕೆಂಪು ಸಾಲು ತೋರಿಸುತ್ತದೆ. ನನ್ನ ಪೆನ್‌ಡ್ರೈವ್ ಬೇಡವೆಂದರೆ ನಿಮ್ಮೂರ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ದೇವಿಂದ್ರಪ್ಪ ಸರ್ ಅವರನ್ನು ಕೇಳು, ಮಾಡಿಕೊಡುತ್ತಾರೆ. ಅವರ ಮೇಲೂ ಅನುಮಾನ ಬಂದರೆ ನನಗೆ ಬೇರೆ ಹೆಸರು ಗೊತ್ತಿಲ್ಲ.

ಅವಸರದಲ್ಲಿದ್ದೇನೆ, ಹೊರಗೆ ಗಿರಾಕಿಗಳು ನಿಂತಿದ್ದಾರೆ.

ಮೌನೇಶ್ವರಿ


ಸುರಪುರ
೨೦ ಮಾರ್ಚ್ ೨೦೨೫

ಮೌನೇಶ್ವರಿಗೆ,

ದೇವಿಂದ್ರಪ್ಪ ಸರ್ ಪೆನ್‌ಡ್ರೈವ್ ಮಾಡಿಕೊಟ್ಟರು. ಬೆಳಿಗ್ಗೆ ಕಸ ಗುಡಿಸುವ ಮೊದಲೇ ಹಚ್ಚಿದೆ. ಒಂದು ಸುತ್ತು ಮುಗಿಯುವವರೆಗೆ ಎದುರಿಗೇ ಕೂತಿದ್ದೆ. ಒಂದೂ ಕೆಂಪು ಸಾಲು ಬರಲಿಲ್ಲ. ಎಲ್ಲ ಸರಿಯಿದೆ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿತು.

ನಿನ್ನ ಮಾತಿನ ಪ್ರಕಾರವೇ ನಡೆದೆ. ಯಂತ್ರದ ತಪ್ಪಲ್ಲವೆಂದರೆ ಮನುಷ್ಯರದ್ದು. ದುರ್ಗಾಳನ್ನು ಬಿಡಿಸಿದೆ.

ಹೇಗೆ ನಡೆಯಿತೆಂದು ನೀನು ಅವಳ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು. ನಾನು ಕೂಗಾಡಲಿಲ್ಲ. ಯಾರು ಹೇಳಿಕೊಟ್ಟರು ಎಂದಷ್ಟೇ ಕೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು, "ಅಕ್ಕಾರ, ನಾ ಕೆಡಸಬೇಕಂದ್ರ ನಿಮ್ಮ ಕಣ್ಣಿಗಿ ಬೀಳೂಹಂಗ ಯಾಕ ಕೆಡಸ್ತಿದ್ದೆ?" ಅಂದಳು. ಕೆಡಿಸುವುದು ಹೇಗೆಂದು ಯೋಚಿಸಿದವಳಿಗೆ ಮಾತ್ರ ಇಂಥ ಉತ್ತರ ಹೊಳೆಯುತ್ತದೆ. ಹಾಗೆಂದು ಅವಳಿಗೇ ಹೇಳಿದೆ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇವರು ಗೊಬ್ಬರದಂಗಡಿಗೆ ಹೊರಡುವ ಮೊದಲು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು, ಬೇಡ ಅನ್ನಲಿಲ್ಲ. ಇವರಿಗೂ ಒಪ್ಪಿಗೆ ಎಂದುಕೊಂಡೆ.

ಪಾರ್ವತಿಬಾಯಿಗೆ ತಿಳಿಸಿದ್ದೇನೆ, ಬ್ಲೌಸು ಕೆಟ್ಟದ್ದು ನನ್ನ ಕೈಯಿಂದಲ್ಲ, ದುರ್ಗಾಳಿಂದ ಎಂದು. ಬಜಾರಿನಲ್ಲಿ ಕೇಳಿದವರಿಗೂ ಹೇಳಿದೆ. ಹೇಳದಿದ್ದರೆ ನನ್ನ ಹೆಸರು ಉಳಿಯುವುದಿಲ್ಲ.

ನಿನಗೆ ಇದರಲ್ಲಿ ಕೈಯಿತ್ತೋ ಇಲ್ಲವೋ ನನಗೆ ಈಗಲೂ ತಿಳಿದಿಲ್ಲ. ಇನ್ನು ಬರೆಯುವ ಅಗತ್ಯವಿಲ್ಲ.

ರೇಣುಕಾದೇವಿ


ಯಾದಗಿರಿ
೨೦ ಮಾರ್ಚ್ ೨೦೨೫

ರೇಣುಕಾ,

ಹಿಂದಿನ ಕಾಗದದಲ್ಲಿ ಮುಖ್ಯವಾದ ಒಂದು ಮಾತನ್ನೇ ಬಿಟ್ಟಿದ್ದೆ. ಇವತ್ತು ಮಷಿನ್ನಿಗೆ ಎಣ್ಣೆ ಹಾಕುವಾಗ ನೆನಪಾಯಿತು.

ಆ ಪರೀಕ್ಷೆ ಒಂದು ಸುತ್ತು ಸರಿ ಬಂದರೆ ನಂಬಬೇಡ. ಪೂರ್ತಿ ಕೆಟ್ಟ ರ‍್ಯಾಮ್ ಕೂಡಲೇ ಸಿಕ್ಕಿಬೀಳುತ್ತದೆ, ಅರ್ಧ ಕೆಟ್ಟದ್ದು ತಂಪು ಹೊತ್ತಿನಲ್ಲಿ ನೆಟ್ಟಗೇ ಇರುತ್ತದೆ. ನಿಮ್ಮ ಕೋಣೆಯ ತಗಡಿಗೆ ಬಿಸಿಲು ಬಿದ್ದು ಒಳಗೆ ಕಾವೇರಿದ ಮೇಲೆ ಅದರ ಗುಣ ತಿಳಿಯುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುತ್ತಲೇ ಇರಲಿ. ನಡುವೆ ನಿಲ್ಲಿಸಬೇಡ.

ಅಲ್ಲಿಯವರೆಗೆ ಯಾರಿಗೂ ಏನೂ ಅನ್ನಬೇಡ.

ಮೌನೇಶ್ವರಿ


ಸುರಪುರ
೧೨ ಏಪ್ರಿಲ್ ೨೦೨೫

ಮೌನೇಶ್ವರಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೊದಲು ಓದಿ ಹರಿದುಹಾಕಬೇಕು ಅನಿಸಿತು. ಆದರೆ ದುರ್ಗಾ ಹೋದ ಮೇಲೂ ಡಿಸೈನ್ ಕೆಟ್ಟವು. ಕೋಣೆಗೆ ನನ್ನ ಹೊರತು ಯಾರೂ ಕಾಲಿಟ್ಟಿಲ್ಲ, ಬಾಗಿಲಿನ ಕೀಲಿ ನನ್ನ ಸೊಂಟದಲ್ಲಿದೆ. ಒಂದು ದಿನ ನಾನೇ ಉಳಿಸಿ, ನಾನೇ ಹೊಲಿದ ಬಳ್ಳಿ ನನ್ನ ಕಣ್ಣೆದುರೇ ಸರಿಯಿತು. ಆ ಹೊತ್ತು ನನಗೆ ಎಂಥ ಭಯವಾಯಿತೆಂದು ಬರೆದು ತಿಳಿಸಲಾರೆ. ದೂಷಿಸಲು ಯಾರೂ ಉಳಿದಿರಲಿಲ್ಲ.

ನೀನು ಹೇಳಿದಂತೆ ದಿನವಿಡೀ ಪರೀಕ್ಷೆ ಹಚ್ಚಿದೆ. ಮಧ್ಯಾಹ್ನದವರೆಗೆ ಏನೂ ಇಲ್ಲ. ಬಿಸಿಲು ಇಳಿಮುಖವಾಗುವ ಮೊದಲು ಒಂದು ಕೆಂಪು ಸಾಲು ಬಂತು. ನೋಡುತ್ತಿದ್ದಂತೆ ಅದರ ಕೆಳಗೆ ಇನ್ನೊಂದು. ಸಂಜೆಗೆ ಪರದೆ ತುಂಬ ಕೆಂಪು.

ಮರುದಿನ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ನೋಡಿದೆ. ರ‍್ಯಾಮ್ ಪಟ್ಟಿಗಳು ಎರಡಿವೆ. ಒಂದಕ್ಕೆ ಕಪ್ಪು ತಗಡಿನ ಹೊದಿಕೆಯಿದೆ. ಇನ್ನೊಂದು ಬರೀ ಹಸಿರು, ಬತ್ತಲೆ. ಎರಡೂ ಒಂದೇ ನಮೂನೆ ತಂದಿದ್ದೇನೆ, ಜೋಡಿಯಾಗಿಯೇ ಹಾಕಬೇಕು ಎಂದು ನೀನು ಅವತ್ತು ಹೇಳಿದ್ದೆ. ಜೋಡಿ ಎಂದರೆ ಹೀಗಿರುತ್ತದೆಯೇ? ಒಂದನ್ನು ಒಳ್ಳೆಯದು ತೋರಿಸಿ ಇನ್ನೊಂದನ್ನು ಎಲ್ಲಿಯದೋ ಹಾಕಿದೆಯಾ? ಅಥವಾ ಹೋಗುವಾಗ ಒಂದನ್ನು ಬಿಚ್ಚಿಕೊಂಡು ಹೋದೆಯಾ?

ದುರ್ಗಾಳ ವಿಷಯ ಬರೆಯಬೇಡ. ಅದು ನನಗೆ ಬಿಟ್ಟದ್ದು.

ರೇಣುಕಾ


ಯಾದಗಿರಿ
೨೧ ಏಪ್ರಿಲ್ ೨೦೨೫

ರೇಣುಕಾ,

ಬಿಚ್ಚಿಕೊಂಡು ಹೋದೆಯಾ ಎಂದು ಕೇಳಿದ್ದೀ. ಎಂಟು ವರ್ಷ ಜೊತೆಗೆ ಕೆಲಸ ಮಾಡಿದೆವು. ನೀನು ತವರಿಗೆ ಕೊಂಕಲ್‌ಗೆ ಹೋಗುವಾಗ ಒಮ್ಮೆಯೂ ಆ ಕೋಣೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋಗಲಿಲ್ಲ. ಕೆಲಸವಿದ್ದರೂ ಬೀಗ ಹಾಕಿಯೇ ಹೋಗುತ್ತಿದ್ದೆ. ನಾನು ದಸರೆಗೆ ಯಾಕೆ ಹೋದೆ ಎಂದು ಎಲ್ಲರೂ ಕೇಳಿದರು, ನೀನೊಬ್ಬಳು ಕೇಳಲಿಲ್ಲ. ಇರಲಿ.

ನಾನು ಹಾಕಿದ್ದು ಎರಡೂ ಕಪ್ಪು ಹೊದಿಕೆಯವು. ಒಂದನ್ನು ನಾನು ಒತ್ತಿದೆ, ಇನ್ನೊಂದನ್ನು ನೀನೇ ಒತ್ತಿದ್ದು. ಮುರಿದೀತೆಂದು ನೀನು ಕಣ್ಣು ಮುಚ್ಚಿಕೊಂಡಿದ್ದೆ, ಎರಡೂ ಕಡೆಯ ಕೊಕ್ಕೆ ಟಕ್ಕೆಂದು ಕೂತಾಗ ನಕ್ಕಿದ್ದೆ. ನಿನ್ನ ಬೆರಳಿಗೆ ನೆನಪಿರಬೇಕು.

ಈಗ ಮಾಡಬೇಕಾದದ್ದು ಇಷ್ಟು. ಪ್ಲಗ್ ಕಿತ್ತು, ಒಂದು ಗಳಿಗೆ ಬಿಟ್ಟು, ಡಬ್ಬದ ಕಬ್ಬಿಣ ಮುಟ್ಟಿ ಆಮೇಲೆ ಒಳಗೆ ಕೈ ಹಾಕು. ಹಸಿರು ಪಟ್ಟಿ ತೆಗೆದು ಕಪ್ಪು ಒಂದನ್ನೇ ಇಟ್ಟು ದಿನವಿಡೀ ಪರೀಕ್ಷೆ ಮಾಡು. ಮರುದಿನ ಅದೇ ಜಾಗದಲ್ಲಿ ಹಸಿರು ಒಂದನ್ನೇ ಇಟ್ಟು ಮಾಡು. ಕೆಂಪು ಬಂದರೆ ಪಟ್ಟಿಯ ತಪ್ಪೋ ಜಾಗದ ತಪ್ಪೋ ಎಂಬುದು ಆಗ ಖಾತ್ರಿಯಾಗುತ್ತದೆ.

ಇನ್ನು ಡಬ್ಬ ಬಿಚ್ಚಿದವರು ಯಾರು ಎಂಬುದು. ನಾನು ದಸರೆಯ ನಂತರ ಸುರಪುರಕ್ಕೆ ಬಂದಿಲ್ಲ. ದುರ್ಗಾ ಆ ಡಬ್ಬದ ಮೇಲಿನ ಧೂಳು ಒರೆಸಲೂ ಹೆದರುತ್ತಿದ್ದಳು, ನಿನಗೇ ಗೊತ್ತು. ಹೊರಗಿನವರ ಹೆಸರು ಎಲ್ಲ ಮುಗಿದವು. ಮನೆಯಲ್ಲಿ ಕೇಳಿದ್ದೀಯಾ?

ಮೌನೇಶ್ವರಿ


ಸುರಪುರ
೫ ಮೇ ೨೦೨೫

ಮೌನಾ,

ಕಪ್ಪು ಪಟ್ಟಿ ದಿನವಿಡೀ ಬಿಸಿಲಿನಲ್ಲಿ ಒಂದೂ ತಪ್ಪು ಮಾಡಲಿಲ್ಲ. ಅದೇ ಜಾಗದಲ್ಲಿ ಹಸಿರು ಪಟ್ಟಿ ಇಟ್ಟೆ, ಮಧ್ಯಾಹ್ನಕ್ಕೆ ಕೆಂಪಾಯಿತು. ಅದನ್ನು ತೆಗೆದಿಟ್ಟಿದ್ದೇನೆ. ಈಗ ಕಂಪ್ಯೂಟರ್ ನಿಧಾನ, ಆದರೆ ಬುಟ್ಟಾ ಬುಟ್ಟಾದಂತೆಯೇ ಬರುತ್ತಿದೆ.

ಮನೆಯಲ್ಲಿ ಕೇಳಿದೆ.

ಊಟಕ್ಕೆ ಕೂತಾಗ ಆ ಹಸಿರು ಪಟ್ಟಿಯನ್ನು ತಂದು ಇವರ ತಟ್ಟೆಯ ಪಕ್ಕ ಇಟ್ಟೆ. ಇವರು ಅದನ್ನು ನೋಡಿದರು, ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಮೌನಾ, ಅಷ್ಟರಲ್ಲೇ ನನಗೆ ತಿಳಿಯಿತು. ಇಷ್ಟು ತಿಂಗಳು ನಾನು ಊರ ತುಂಬ ಮುಖ ನೋಡಿದೆ, ಇವರ ಮುಖ ನೋಡಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ನಾನು ತಂಗಿಯ ಬಾಣಂತನಕ್ಕೆ ಕೊಂಕಲ್‌ಗೆ ಹೋಗಿದ್ದೆ, ಆಗ ನಡೆದದ್ದು. ಕಂಪ್ಯೂಟರ್ ನಿಧಾನ ಎಂದು ನಾನು ದಿನಾ ಗೊಣಗುತ್ತಿದ್ದೆ. ನಾನು ಬರುವುದರೊಳಗೆ ಚುರುಕು ಮಾಡಿಸಿ ಇಡಬೇಕೆಂದು ಇವರು ಮನೆಯಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು, ಡಬ್ಬವನ್ನು ಹೊರಗೆ ಯಾವುದೋ ರಿಪೇರಿ ಅಂಗಡಿಗೆ ಒಯ್ದಿದ್ದಾರೆ. ಅಂಗಡಿಯವರು ಒಂದು ಕಪ್ಪು ಪಟ್ಟಿ ತೆಗೆದುಕೊಂಡು, ಇದು ಅದಕ್ಕಿಂತ ದೊಡ್ಡದು ಎಂದು ಹಸಿರು ಹಾಕಿಕೊಟ್ಟಿದ್ದಾರೆ. ಎಲ್ಲಿಯದು, ಎಷ್ಟು ಹಳೆಯದು, ಇವರು ಕೇಳಿಲ್ಲ. ನಾನು ಬಂದ ದಿನ ಹೇಳಬೇಕೆಂದಿದ್ದರಂತೆ. ಅವತ್ತೇ ಪರದೆ ನೀಲಿಯಾಯಿತು, ನಾನು ರೇಗಿದೆ, ಇವರ ಬಾಯಿ ಕಟ್ಟಿತು.

ಅದನ್ನಾದರೂ ಬಿಡಬಹುದು. ದುರ್ಗಾಳನ್ನು ಕಳಿಸಿದ ದಿನ ಇವರು ಪಡಸಾಲೆಯಲ್ಲೇ ಇದ್ದರು. ಆಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಮೊದಲ ಹೇಳಿದ್ರ ನೀ ಬೈತಿದ್ದಿ. ಆಮ್ಯಾಲ ಹೇಳಿದ್ರ ಆ ಹುಡುಗಿ ಮುಂದ ತಲಿ ತಗ್ಗಸಬೇಕಾಗ್ತಿತ್ತು. ಇವತ್ತ ಹೇಳ್ತೀನಿ ನಾಳಿ ಹೇಳ್ತೀನಿ ಅಂತ ದಿನಾ ದೂಡಿದೆ" ಅಂದರು. ನಾನು ಬೈಯಲಿಲ್ಲ. ಬೈದರೆ ಇವರು ಹೇಳಿದ್ದೇ ನಿಜವಾಗುತ್ತದೆ ಎಂದಲ್ಲ, ನನ್ನ ಹತ್ತಿರ ಬೈಗುಳ ಉಳಿದಿರಲಿಲ್ಲ. ಇವರಿಗೆ ಒಂದು ಮಾತು ಹೇಳಲು ಹೆದರಿಕೆ ಹುಟ್ಟುವಂತೆ ನಾನು ಈ ಮನೆಯಲ್ಲಿ ಇದ್ದೇನೆ, ಅದು ನನಗೆ ತಿಳಿದಿರಲಿಲ್ಲ.

ಮರುದಿನ ಇವರನ್ನು ಕರೆದುಕೊಂಡು ದುರ್ಗಾಳ ಮನೆಗೆ ಹೋದೆ. ದುರ್ಗಾ ಇರಲಿಲ್ಲ. ಅವರವ್ವ ಮಲ್ಲಿಕಮ್ಮ ಸಂತೆಯಿಂದ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಇವರು ನಿಂತುಕೊಂಡೇ ಎಲ್ಲ ಹೇಳಿದರು. ತಪ್ಪು ನನ್ನದು, ನಿಮ್ಮ ಮಗಳು ಏನೂ ಮಾಡಿಲ್ಲ ಎಂದು ನಾನೂ ಹೇಳಿದೆ. ಮಲ್ಲಿಕಮ್ಮ ಬುಟ್ಟಿಯನ್ನು ಗೋಡೆಗೆ ಬೋರಲು ಹಾಕಿ, ಕೈ ಒರೆಸಿಕೊಂಡು, "ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ನನ್ನ ಮಗಳು ಎಂಥಾಕಿ ಅಂತ ನನಗ ಗೊತ್ತೈತಿ. ಗೊತ್ತಿಲ್ಲದವ್ರ ಮುಂದ ಹೇಳ್ರಿ" ಅಂದಳು.

ಮಗಳು ಎಲ್ಲಿದ್ದಾಳೆ ಎಂದರೆ ಹೇಳಲಿಲ್ಲ. ಸೈದಾಪುರದ ಕಡೆ ಯಾವುದೋ ಫ್ಯಾಕ್ಟರಿಗೆ ಸೇರಿದ್ದಾಳೆಂದು ಓಣಿಯವರು ಅನ್ನುತ್ತಾರೆ. ಅದು ನಿಜವೋ, ನನ್ನನ್ನು ದೂರ ಇಡಲು ಹುಟ್ಟಿಸಿದ್ದೋ ಗೊತ್ತಿಲ್ಲ. ನಿನಗೆ ತಿಳಿದಿದ್ದರೆ ಬರೆ.

ರೇಣುಕಾ


ಯಾದಗಿರಿ
೧೩ ಮೇ ೨೦೨೫

ರೇಣುಕಾ,

ದುರ್ಗಾ ನನ್ನ ಹತ್ತಿರ ಇದ್ದಾಳೆ. ನೀನು ಬಿಡಿಸಿದ ಮೇಲೆ ಸುರಪುರದಲ್ಲಿ ಯಾವ ಟೇಲರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಯುಗಾದಿಗೆ ಮೊದಲೇ ಒಂದು ಕೈಚೀಲ ಹಿಡಿದು ಬಂದು ನನ್ನ ಬಾಗಿಲಲ್ಲಿ ನಿಂತಳು. ನಿನಗೆ ಬರೆಯಲಿಲ್ಲ. ಬರೆದಿದ್ದರೆ, "ನೋಡು, ಇಬ್ಬರೂ ಒಂದೇ" ಎಂದು ನಿನಗೆ ಪುರಾವೆಯಾಗುತ್ತಿತ್ತು. ಈಗ ಓದುವಾಗಲೂ ಅದೇ ಅನಿಸುತ್ತಿರಬಹುದು. ಅನಿಸಲಿ. ಸತ್ಯವಾದದ್ದು ಬರೆದಿದ್ದೇನೆ.

ನಿನ್ನ ಕಾಗದದಲ್ಲಿದ್ದದ್ದನ್ನು ಅವಳಿಗೆ ಹೇಳಿದೆ. ನೀಲಕಂಠಣ್ಣ ಡಬ್ಬ ಒಯ್ದದ್ದು, ಪಟ್ಟಿ ಬದಲಾದದ್ದು, ನೀವಿಬ್ಬರೂ ಅವರವ್ವನ ಮುಂದೆ ನಿಂತದ್ದು, ಎಲ್ಲ. ಅವಳು ಮಷಿನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸುವುದು ಮುಗಿಸಿದ ಮೇಲೆ ಕೇಳಿದಳು, "ಮೌಲಾಲಿ ಅಣ್ಣಾರ ಅಂಗಡ್ಯಾಗ ಹೇಳ್ಯಾರೇನ್ರಿ?"

ಯಾಕೆ ಎಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಕೈಕಸೂತಿ ಹಾಕಿಕೊಂಡಿರೋಣ ಎಂದು ಮೌಲಾಲಿಯವರ ದಾರದ ಅಂಗಡಿಗೆ ಹೋಗಿದ್ದಳಂತೆ. ಅಂಗಡಿ ತುಂಬ ಹೆಂಗಸರಿದ್ದರಂತೆ. ಮೌಲಾಲಿಯವರು ಯಾರಿಗೂ ಇಲ್ಲದ ನಿಯಮ ಮಾಡಿ, ಇವಳಿಗೆ ದಾರದ ಪೆಟ್ಟಿಗೆ ಮುಟ್ಟಬೇಡ, ಹೊರಗೆ ನಿಲ್ಲು, ನಾನೇ ತೆಗೆದುಕೊಡುತ್ತೇನೆ ಅಂದರಂತೆ. ಇವಳು ದಾರ ಕೊಳ್ಳದೆ ಬಂದಳು. ಆಮೇಲೆ ಬಜಾರಿನ ದಾರಿಯಲ್ಲಿ ನಡೆದಿಲ್ಲ.

ತಿರುಗಿ ಬರುತ್ತೀಯಾ ಎಂದು ನಾನು ಕೇಳಿಲ್ಲ, ನಿನ್ನ ಪರವಾಗಿ ಕೇಳುವುದೂ ಇಲ್ಲ.

ಮೌನೇಶ್ವರಿ


ಸುರಪುರ
೨ ಜೂನ್ ೨೦೨೫

ಮೌನಾ,

ನಿನ್ನ ಕಾಗದದ ಮೊದಲ ಸಾಲು ಓದಿದಾಗ ನೀನು ಹೇಳಿದ್ದೇ ಅನಿಸಿತು. ನೋಡು, ಇಬ್ಬರೂ ಒಂದೇ ಎಂದು. ಕಾಗದ ಮಡಚಿಟ್ಟೆ, ಅಡುಗೆ ಮಾಡಿದೆ, ಮತ್ತೆ ತೆಗೆದು ಓದಿದೆ. ಎರಡನೇ ಸಲ ಓದುವಾಗ ಬೇರೆ ಕಂಡಿತು. ನಾನು ಹೊರಗೆ ಹಾಕಿದವಳನ್ನು ನೀನು ಒಳಗೆ ಕರೆದುಕೊಂಡಿದ್ದೀ. ನೀನು ನಿಂತ ಜಾಗದಲ್ಲಿ ನಾನು ನಿಲ್ಲಬೇಕಾಗಿತ್ತು, ಇಲ್ಲವೆ ಅವಳಿಗೆ ನಿನ್ನ ಬಾಗಿಲಿಗೆ ಹೋಗುವ ಗತಿ ಬಾರದಂತೆ ಮಾಡಬೇಕಾಗಿತ್ತು.

ಯಾರ ಯಾರ ಮುಂದೆ ಅವಳ ಹೆಸರು ಎತ್ತಿದ್ದೆನೋ ಕೂತು ನೆನಪು ಮಾಡಿಕೊಂಡೆ. ಇಷ್ಟು ಜನರಿಗೆ ಹೇಳಿದ್ದೆನೇ ಎಂದು ನನಗೇ ದಿಗಿಲಾಯಿತು. ಹೇಳುವಾಗ ಒಂದೇ ಮಾತು, ಬಾಯಿಂದ ಬಿದ್ದುಹೋಗುತ್ತಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಪ್ರತಿ ಮನೆಯಲ್ಲೂ ಕೂರಬೇಕು, ನೀರು ಕುಡಿಯಬೇಕು, ಮೊದಲಿನಿಂದ ಹೇಳಬೇಕು.

ಮೊದಲು ಶಹಾಪುರಕ್ಕೆ ಹೋದೆವು. ಪಾರ್ವತಿಬಾಯಿ ಮಗಳ ಮದುವೆ ಮುಗಿಸಿ ನಿರಾಳವಾಗಿದ್ದರು. ಎಲ್ಲ ಕೇಳಿ, ಹಾಗಾದರೆ ಕೆಡಿಸಿದ್ದು ಯಾರು ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವರು, "ನಾನರೀ ಬಾಯಾರ. ಪಟ್ಟಿ ಬದಲಿ ಮಾಡಿಸಿದ್ದು ನಾನ. ಹುಡುಗಿ ಹೆಸರು ಬಂದಾಗ ಸುಮ್ಮ ಕುಂತಾವ್ನೂ ನಾನ" ಅಂದರು. ಮದುವೆಯಾಗಿ ಬಂದಾಗಿನಿಂದ ಇವರು ನಾಕು ಜನರ ಮುಂದೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪಾರ್ವತಿಬಾಯಿ ನನ್ನ ಕಡೆ ತಿರುಗಿ, ಮುಂದಿನ ಕೆಲಸ ಕೊಡುವುದಿಲ್ಲ, ಬೇಸರ ಮಾಡಿಕೋಬೇಡ ಎಂದರು. ಬೇಸರವಾಯಿತು. ಆದರೆ ಅದು ನ್ಯಾಯ.

ಮೌಲಾಲಿಯವರ ಅಂಗಡಿಗೆ ಸಂತೆಯ ದಿನ ಹೋದೆ. ಜನ ಕಡಿಮೆಯಿರುವ ಹೊತ್ತು ನೋಡಿ ಹೋಗಬಹುದಿತ್ತು. ಅವಳಿಗೆ ಅವಮಾನವಾದದ್ದು ಅಂಗಡಿ ತುಂಬಿದ್ದಾಗ, ಹಾಗಾಗಿ ತುಂಬುವವರೆಗೆ ಕಾದೆ. ನಮ್ಮ ದುರ್ಗಾಳ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು, ಕಂಪ್ಯೂಟರಿನ ಒಂದು ಭಾಗ ಕೆಟ್ಟಿತ್ತು, ಅದು ನಮ್ಮ ಮನೆಯವರಿಂದಲೇ ಆದದ್ದು ಎಂದು ಹೇಳಿದೆ. ದಾರ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

ಮೌಲಾಲಿಯವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ನಾ ನಂಬಿದ್ದಿಲ್ಲವಾ. ಆ ಹುಡುಗಿ ಸಣ್ಣಾಕಿ ಇದ್ದಾಗಿಂದ ನನ್ನ ಅಂಗಡಿಗಿ ಬರತಾಳ. ಆದ್ರ ನೀವು ದೊಡ್ಡ ಗಿರಾಕಿ. ನಿಮ್ಮ ಮಾತು ಮೀರಿ ಆಕಿನ್ನ ಒಳಗ ಕರದ್ರ ನೀವು ಬ್ಯಾರೇ ಅಂಗಡಿಗಿ ಹೋಗ್ತೀರಿ ಅಂತ ಹೆದರಿದೆ" ಅಂದರು.

ಇವರೂ ಹೆದರಿ ಸುಮ್ಮನಿದ್ದರು, ಅವರೂ ಹೆದರಿ ಸುಮ್ಮನಿದ್ದರು. ನಾನು ಎಲ್ಲರೂ ನನಗೆ ಮೋಸ ಮಾಡುತ್ತಿದ್ದಾರೆ ಎಂದು ಕಾವಲು ಕಾಯುತ್ತಿದ್ದೆ. ಅಂಗಡಿಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅತ್ತೆ. ಗುರುತಿನವರು ನೋಡಿದರು, ನೋಡಲಿ ಎಂದು ಸುಮ್ಮನಿದ್ದೆ.

ದುರ್ಗಾಳಿಗೆ ಹೇಳು. ತಿರುಗಿ ಬಾ ಎಂದು ಕರೆಯುವ ಮುಖ ನನಗಿಲ್ಲ, ಕರೆಯುವುದಿಲ್ಲ. ಅವಳು ಬಜಾರಿನ ದಾರಿಯಲ್ಲಿ ನಡೆಯಬಹುದು. ನಾನು ಹೋಗಬೇಕಾದ ಮನೆಯೋ ಅಂಗಡಿಯೋ ಇನ್ನೂ ಉಳಿದಿದ್ದರೆ ಹೆಸರು ಹೇಳಲಿ, ಹೋಗಿ ಬರುತ್ತೇನೆ.

ನೀನು ಯಾಕೆ ಹೋದೆ ಎಂದು ನಾನು ಕೇಳಲಿಲ್ಲ, ನಿಜ. ಈಗ ಕೇಳುತ್ತಿದ್ದೇನೆ. ಹೇಳಬೇಕೆನಿಸಿದಾಗ ಹೇಳು, ಉತ್ತರ ನನಗೆ ಸ್ವಲ್ಪ ಗೊತ್ತಿದೆ.

ಇದನ್ನು ಬರೆಯುತ್ತಿರುವಾಗಲೂ ಒಂದು ಯೋಚನೆ ಬಂತು. ನೀನು ಇದನ್ನು ಅವಳಿಗೆ ಪೂರ್ತಿ ಓದಿ ಹೇಳುತ್ತೀಯೋ, ಅರ್ಧ ಬಿಟ್ಟು ಹೇಳುತ್ತೀಯೋ, ನೇರವಾಗಿ ಅವಳ ಹೆಸರಿಗೇ ಹಾಕಿದರೆ ಒಳಿತಲ್ಲವೇ ಎಂದು. ನನ್ನ ಸ್ವಭಾವ ಅಷ್ಟು ಬೇಗ ಹೋಗುವಂಥದ್ದಲ್ಲ. ಬಂದರೆ ಬರಲಿ. ಲಕೋಟೆಯ ಮೇಲೆ ನಿನ್ನ ಹೆಸರನ್ನೇ ಬರೆದಿದ್ದೇನೆ.

ನಿನ್ನ
ರೇಣುಕಾ